ಕಡಲು ಸೇರಿದ ನೀರು ಪೋಲಾಯಿತೆ? ನೈಲ್ ಅಳಿವೆ ಹೇಳುವ ಕಥೆ

ಮಳೆಗಾಲ ಬಂತೆಂದರೆ ನಮ್ಮಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಇಷ್ಟು ಟಿಎಂಸಿ ನೀರು ಸುಮ್ಮನೆ ಸಮುದ್ರ ಸೇರಿ ಪೋಲಾಗುತ್ತಿದೆ.’ ಇದನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ, ಸಭೆಗಳಲ್ಲಿ ಕೇಳಿರುತ್ತೀರಿ, ನೀವೇ ಹೇಳಿರಲೂಬಹುದು. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ತರಗತಿಯಲ್ಲಿ ಸ್ಥಿತಿಶಕ್ತಿಯ ಪಾಠ ಮಾಡುವಾಗ, ಅಣೆಕಟ್ಟಿನ ಹಿಂದೆ ನಿಂತ ನೀರು ಶಕ್ತಿಯ ಭಂಡಾರವೆಂದೂ, ಸಮುದ್ರಮಟ್ಟಕ್ಕೆ ಇಳಿದ ನೀರು ಖಾಲಿಯಾದ ಭಂಡಾರವೆಂದೂ ಹೇಳುತ್ತಿದ್ದೆ. ಭೌತಶಾಸ್ತ್ರದ ಲೆಕ್ಕದಲ್ಲಿ ಅದು ತಪ್ಪಲ್ಲ. ಆದರೆ ನದಿಯ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ.

ಈ ಮಾತು ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದು ಹೇಗೆ? ಒಂದು ಮಹಾನದಿ ಸಮುದ್ರ ಸೇರುವುದನ್ನು ಒಮ್ಮೆಲೇ ನಿಲ್ಲಿಸಬೇಕು. ಆಮೇಲೆ ಕಡಲಿನಲ್ಲಿ ಏನಾಗುತ್ತದೆಂದು ನೋಡುತ್ತ ಕೂರಬೇಕು. ಯಾವ ವಿಜ್ಞಾನಿಯೂ ಇಂಥ ಪ್ರಯೋಗ ಕೈಗೊಳ್ಳಲಾರ. ಆದರೆ ಇತಿಹಾಸದಲ್ಲಿ ಅದು ನಡೆದುಹೋಗಿದೆ. ದೇಶ ಈಜಿಪ್ಟ್, ನದಿ ನೈಲ್, ವರ್ಷ 1964. ಆ ಪ್ರಯೋಗದ ಫಲಿತಾಂಶ ಮೊದಲು ಒಂದು ರೀತಿ ಬಂತು, ಇಪ್ಪತ್ತು ವರ್ಷಗಳ ನಂತರ ಇನ್ನೊಂದು ರೀತಿ ಬಂತು. ಎರಡನ್ನೂ ನೋಡೋಣ.

ಕಡಲಿನ ಹುಲ್ಲುಗಾವಲು

ಮೊದಲು ಈ ಕಥೆಯ ಮುಖ್ಯ ಪಾತ್ರಧಾರಿಗಳ ಪರಿಚಯವಾಗಬೇಕು. ಸಮುದ್ರದ ಮೇಲ್ಪದರದ ಒಂದು ಹನಿ ನೀರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಬರಿಗಣ್ಣಿಗೆ ಕಾಣದ ಜೀವಿಗಳು ಅದರಲ್ಲಿ ತೇಲುವುದು ಕಾಣುತ್ತದೆ. ಇವೇ ಪ್ಲವಕಗಳು. ಇವುಗಳಲ್ಲಿ ಹರಿತ್ತನ್ನು ಹೊಂದಿ, ಬಿಸಿಲಿನ ನೆರವಿನಿಂದ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುವಂಥವು ಸಸ್ಯಪ್ಲವಕಗಳು. ಭೂಮಿಯ ಮೇಲೆ ನಡೆಯುವ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಇವುಗಳದೇ. ಸಸ್ಯಪ್ಲವಕವನ್ನು ಪ್ರಾಣಿಪ್ಲವಕ ತಿನ್ನುತ್ತದೆ, ಇವೆರಡನ್ನೂ ಸಣ್ಣ ಮೀನು ತಿನ್ನುತ್ತದೆ, ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತದೆ. ಹುಲ್ಲಿಲ್ಲದೆ ದನವಿಲ್ಲ ಎನ್ನುವಂತೆ, ಸಸ್ಯಪ್ಲವಕವಿಲ್ಲದೆ ಮೀನಿಲ್ಲ.

ಈ ಹುಲ್ಲು ಬೆಳೆಯಲು ಏನು ಬೇಕು? ಬೆಳಕು ಬೇಕು. ಜೊತೆಗೆ ಹೊಲದ ಬೆಳೆಯಂತೆಯೇ ಗೊಬ್ಬರವೂ ಬೇಕು. ಮುಖ್ಯವಾಗಿ ಸಾರಜನಕ ಮತ್ತು ರಂಜಕ. ಡಯಾಟಮ್ ಎಂಬ ಗುಂಪಿನ ಸಸ್ಯಪ್ಲವಕಗಳಿಗೆ ಇನ್ನೊಂದು ವಸ್ತುವೂ ಬೇಕು. ಇವು ತಮ್ಮ ಸುತ್ತ ಗಾಜಿನಂಥ ಪುಟ್ಟ ಪೆಟ್ಟಿಗೆ ಕಟ್ಟಿಕೊಳ್ಳುತ್ತವೆ. ಆ ಪೆಟ್ಟಿಗೆಯ ಕಚ್ಚಾವಸ್ತು ಸಿಲಿಕಾ. ಸಿಲಿಕಾ ಬರುವುದು ನೆಲದ ಬಂಡೆ, ಮಣ್ಣುಗಳಿಂದ. ಅದನ್ನು ಕರಗಿಸಿ ಕಡಲಿಗೆ ತರುವ ಮುಖ್ಯ ವಾಹನ ನದಿ.

ಗೊಬ್ಬರದ ಒಟ್ಟು ಮೊತ್ತವಷ್ಟೇ ಅಲ್ಲ, ಅದರ ಪ್ರಮಾಣವೂ ಮುಖ್ಯ. ಅಮೆರಿಕದ ಆಲ್ಫ್ರೆಡ್ ರೆಡ್‌ಫೀಲ್ಡ್ ಎಂಬ ವಿಜ್ಞಾನಿ 1934ರಲ್ಲಿ ಈ ಕಡೆ ಗಮನ ಸೆಳೆದರು. ಸಸ್ಯಪ್ಲವಕಗಳ ಶರೀರದಲ್ಲಿ ರಂಜಕದ 1 ಪರಮಾಣುವಿಗೆ ಸರಾಸರಿ 16 ಸಾರಜನಕದ ಮತ್ತು 106 ಇಂಗಾಲದ ಪರಮಾಣುಗಳಿರುತ್ತವೆ ಎಂಬುದು ಇಂದು ಒಪ್ಪಿತ ಲೆಕ್ಕ. ಡಯಾಟಮ್‌ಗಳಿಗೆ ಸಿಲಿಕಾನ್ ಕೂಡ ಹೆಚ್ಚುಕಡಿಮೆ ಸಾರಜನಕದಷ್ಟೇ ಬೇಕು. ಅಡುಗೆಗೆ ಅಕ್ಕಿ ಹೇರಳವಾಗಿದ್ದು ಉಪ್ಪೇ ಇಲ್ಲದಿದ್ದರೆ ಹೇಗೋ, ಇದೂ ಹಾಗೆ. ಯಾವುದು ಮೊದಲು ಮುಗಿಯುತ್ತದೋ ಅದೇ ಬೆಳವಣಿಗೆಯ ಮಿತಿ.

ಬಡ ಸಮುದ್ರ, ಶ್ರೀಮಂತ ಪ್ರವಾಹ

ನೈಲ್ ಸೇರುವುದು ಮೆಡಿಟರೇನಿಯನ್ ಸಮುದ್ರದ ಪೂರ್ವ ಭಾಗವನ್ನು. ಪ್ರಪಂಚದ ಅತ್ಯಂತ ಬಡ ಕಡಲುಗಳಲ್ಲಿ ಇದೂ ಒಂದು. ಇಲ್ಲಿ ಆವಿಯಾಗುವ ನೀರು ಹೆಚ್ಚು, ಸೇರುವ ನೀರು ಕಡಿಮೆ. ಆದ್ದರಿಂದ ಉಪ್ಪಿನಂಶ ಒಂದು ಕಿಲೋಗ್ರಾಂ ನೀರಿಗೆ ಸುಮಾರು 39 ಗ್ರಾಂ, ಅಂದರೆ ನಮ್ಮ ಅರಬ್ಬೀ ಸಮುದ್ರಕ್ಕಿಂತ ಹೆಚ್ಚು. ಗೊಬ್ಬರಾಂಶವೋ, ಅದರಲ್ಲೂ ರಂಜಕ, ತೀರ ಕಡಿಮೆ. ಈ ಸಮುದ್ರ ಕಣ್ಣು ಕೋರೈಸುವಷ್ಟು ನೀಲಿಯಾಗಿ ಕಾಣುವುದಕ್ಕೆ ಕಾರಣವೇ ಅದರ ಬಡತನ. ನೀರಿನಲ್ಲಿ ಹಸಿರು ಇಲ್ಲ.

ಇಂಥ ಸಮುದ್ರಕ್ಕೆ ವರ್ಷಕ್ಕೊಮ್ಮೆ ಔತಣ ಸಿಗುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಥಿಯೋಪಿಯದ ಎತ್ತರದ ನಾಡಿನಲ್ಲಿ ಮಳೆ ಸುರಿಯುತ್ತದೆ. ಅಲ್ಲಿ ಹುಟ್ಟುವ ನೀಲಿ ನೈಲ್ ಮತ್ತು ಅಟ್ಬಾರಾ ನದಿಗಳು ಕೆಂಪು ಮಣ್ಣು ಹೊತ್ತು ಉಕ್ಕಿ ಹರಿಯುತ್ತವೆ. ಈ ಪ್ರವಾಹ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ರೊಸೆಟ್ಟಾ ಮತ್ತು ಡಾಮಿಯೆಟ್ಟಾ ಎಂಬ ಎರಡು ಕವಲುಗಳ ಮೂಲಕ ಕಡಲನ್ನು ಸೇರುತ್ತಿತ್ತು. ವರ್ಷಕ್ಕೆ ಸುಮಾರು 40 ಘನ ಕಿಲೋಮೀಟರ್, ಅಂದರೆ ನಮಗೆ ಪರಿಚಿತವಾದ ಅಳತೆಯಲ್ಲಿ ಸುಮಾರು 1,400 ಟಿಎಂಸಿ. ಆ ನೀರಿನ ಜೊತೆ 7ರಿಂದ 11 ಸಾವಿರ ಟನ್‌ನಷ್ಟು ಸಸ್ಯಪ್ಲವಕಗಳಿಗೆ ಒದಗುವ ರಂಜಕ ಮತ್ತು ಲಕ್ಷ ಟನ್‌ಗೂ ಮೀರಿದ ಸಿಲಿಕಾ ಹೋಗುತ್ತಿದ್ದವೆಂದು ಅಂದಾಜು.

ಅಳಿವೆಯ ಬಾಯಲ್ಲಿ ನಡೆಯುತ್ತಿದ್ದ ಭೌತಕ್ರಿಯೆಯನ್ನು ಸ್ವಲ್ಪ ಊಹಿಸಿಕೊಳ್ಳಿ. ಸಿಹಿನೀರಿನ ಸಾಂದ್ರತೆ ಉಪ್ಪುನೀರಿಗಿಂತ ಸುಮಾರು ಶೇಕಡ 3ರಷ್ಟು ಕಡಿಮೆ. ಈ ಅಲ್ಪ ವ್ಯತ್ಯಾಸವೇ ಸಾಕು, ನದಿಯ ನೀರು ಕಡಲಿನ ಮೇಲೆ ಎಣ್ಣೆಯಂತೆ ತೆಳುವಾಗಿ ಹರಡಿಕೊಳ್ಳುತ್ತದೆ. ಗೊಬ್ಬರ ಆಳಕ್ಕೆ ಇಳಿಯದೆ ಬೆಳಕಿರುವ ಮೇಲ್ಪದರದಲ್ಲೇ ಉಳಿಯುತ್ತದೆ. ಆದರೆ ನದಿಯ ಬಾಯಲ್ಲೇ ಸಸ್ಯಪ್ಲವಕ ಬೆಳೆಯುವುದಿಲ್ಲ. ಅಲ್ಲಿ ನೀರು ರಾಡಿ. ರಾಡಿ ನೀರಿನಲ್ಲಿ ಒಂದೊಂದು ಮೀಟರ್ ಇಳಿದಾಗಲೂ ಬೆಳಕು ಅರ್ಧಕ್ಕೆ ಇಳಿಯುತ್ತದೆಂದು ಇಟ್ಟುಕೊಳ್ಳಿ. ಹತ್ತು ಮೀಟರ್ ಆಳದಲ್ಲಿ ಉಳಿಯುವುದು ಸಾವಿರದ ಒಂದು ಪಾಲಷ್ಟೇ. ನೀರು ಇನ್ನಷ್ಟು ದೂರ ಸಾಗಿ, ಮಣ್ಣು ತಳಕ್ಕೆ ಕುಳಿತು, ಬೆಳಕು ಒಳಹೊಕ್ಕ ಮೇಲೆ ಸಸ್ಯಪ್ಲವಕ ಸ್ಫೋಟದಂತೆ ಹೆಚ್ಚುತ್ತಿತ್ತು. ಪೂರ್ವಕ್ಕೆ ಹರಿಯುವ ಕರಾವಳಿ ಪ್ರವಾಹ ಆ ನೀರನ್ನು ಇಸ್ರೇಲ್, ಲೆಬನಾನ್ ತೀರಗಳವರೆಗೂ ಒಯ್ಯುತ್ತಿತ್ತು.

ಈ ವಿದ್ಯಮಾನವನ್ನು ಅಳೆದು ದಾಖಲಿಸಿದವರು ಅಲೆಕ್ಸಾಂಡ್ರಿಯದ ಸಮುದ್ರವಿಜ್ಞಾನಿ ಯೂಸುಫ್ ಹಲೀಂ. ‘ನೈಲ್ ಹೂಬಿಡುವಿಕೆ’ಯ ಬಗ್ಗೆ ಅವರ ಪ್ರಬಂಧ ಪ್ರಕಟವಾದದ್ದು 1960ರಲ್ಲಿ. ಸಸ್ಯಪ್ಲವಕಗಳು ದಿಢೀರನೆ ಹೆಚ್ಚುವುದನ್ನು ವಿಜ್ಞಾನಿಗಳು ಹೂಬಿಡುವಿಕೆ ಎಂದೇ ಕರೆಯುತ್ತಾರೆ. ಆ ಹೂವಿನ ಬಹುಪಾಲು ಡಯಾಟಮ್‌ಗಳು. ಅವನ್ನು ಅರಸಿ ಸಾರ್ಡೀನ್ ಮೀನಿನ ಹಿಂಡುಗಳು ತೀರಕ್ಕೆ ಬರುತ್ತಿದ್ದವು. ಈ ಸಾರ್ಡೀನ್ ನಮ್ಮ ಕರಾವಳಿಯವರ ಭೂತಾಯಿ ಮೀನಿನ ಹತ್ತಿರದ ಬಂಧು; ಎರಡೂ ಒಂದೇ ಕುಲದವು. 1962ರಲ್ಲಿ ಈಜಿಪ್ಟಿನ ಮೀನುಗಾರರು ಮೆಡಿಟರೇನಿಯನ್‌ನಲ್ಲಿ ಹಿಡಿದ ಒಟ್ಟು ಮೀನು ಸುಮಾರು 38 ಸಾವಿರ ಟನ್. ಅದರಲ್ಲಿ ಸುಮಾರು 18 ಸಾವಿರ ಟನ್ ಸಾರ್ಡೀನ್ ಒಂದೇ.

ಹಲೀಂ ಅವರ ಪ್ರಬಂಧ ಹೊರಬಂದ ವರ್ಷವೇ, ಜನವರಿಯಲ್ಲಿ, ಅಸ್ವಾನ್‌ನಲ್ಲಿ ದೊಡ್ಡ ಅಣೆಕಟ್ಟಿನ ಕೆಲಸ ಆರಂಭವಾಗಿತ್ತು.

ಎರಡು ಅಣೆಕಟ್ಟುಗಳು

ಅಸ್ವಾನ್‌ಗೆ ಅಣೆಕಟ್ಟು ಹೊಸದೇನಲ್ಲ. ಮೊದಲನೆಯದು 1902ರಲ್ಲೇ ಮುಗಿದಿತ್ತು. ಅದರ ರೂಪುರೇಷೆ ಹಾಕಿದ ವಿಲಿಯಂ ವಿಲ್‌ಕಾಕ್ಸ್ ಹುಟ್ಟಿದ್ದು ಭಾರತದಲ್ಲಿ, ಎಂಜಿನಿಯರಿಂಗ್ ಕಲಿತದ್ದು ರೂರ್ಕಿಯಲ್ಲಿ. ಅವರ ಅಣೆಕಟ್ಟಿನಲ್ಲಿ 180 ತೂಬುಗಳಿದ್ದವು. ಪ್ರವಾಹ ಬಂದಾಗ ತೂಬುಗಳನ್ನು ತೆರೆದು ಕೆಮ್ಮಣ್ಣಿನ ನೀರನ್ನು ಮುಂದಕ್ಕೆ ಬಿಡುತ್ತಿದ್ದರು. ಪ್ರವಾಹದ ಕೊನೆಯಲ್ಲಿ ನೀರು ತಿಳಿಯಾದ ಮೇಲೆ ತೂಬು ಮುಚ್ಚಿ ನೀರು ಸಂಗ್ರಹಿಸುತ್ತಿದ್ದರು. ಹೂಳು ತುಂಬಬಾರದು ಎಂಬುದೇ ಇದರ ಉದ್ದೇಶ. ಆದರೆ ಇದರಿಂದ ಕಡಲಿಗೂ ಅದರ ಪಾಲು ತಲುಪುತ್ತಿತ್ತು. ಅಣೆಕಟ್ಟನ್ನು ಎರಡು ಸಲ ಎತ್ತರಿಸಿದರೂ ಸಾರ್ಡೀನ್ ಸುಗ್ಗಿ ನಿಲ್ಲಲಿಲ್ಲ.

ಎರಡನೆಯ ಅಣೆಕಟ್ಟಿನ ತತ್ವವೇ ಬೇರೆ. ಒಂದು ವರ್ಷದ ನೀರನ್ನಲ್ಲ, ಹಲವು ವರ್ಷಗಳ ನೀರನ್ನು ಹಿಡಿದಿಡುವುದು ಅದರ ಗುರಿ. ಹಿಂದೆ ನಿಂತ ನಾಸೆರ್ ಸರೋವರದ ಸಾಮರ್ಥ್ಯ ಸುಮಾರು 162 ಘನ ಕಿಲೋಮೀಟರ್. ಅಂದರೆ ಸುಮಾರು 5,700 ಟಿಎಂಸಿ. ನಮ್ಮ ಕೃಷ್ಣರಾಜಸಾಗರದಂಥ ನೂರಕ್ಕೂ ಹೆಚ್ಚು ಜಲಾಶಯಗಳು ಅದರಲ್ಲಿ ಮುಳುಗಿಹೋಗುತ್ತವೆ. 1964ರ ಮೇ ತಿಂಗಳಲ್ಲಿ ನದಿಯನ್ನು ತಿರುಗಿಸಲಾಯಿತು. ಆ ವರ್ಷದ ಪ್ರವಾಹವೇ ಕಡಲು ಕಂಡ ಕೊನೆಯ ಸಹಜ ಪ್ರವಾಹ. 1970ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಕಡಲು ಸೇರುವ ನೀರು ಹಿಂದಿನದರ ಹತ್ತನೇ ಒಂದು ಭಾಗದ ಆಸುಪಾಸಿಗೆ ಇಳಿಯಿತು. ಮೆಕ್ಕಲು ಮಣ್ಣಂತೂ ಬಹುತೇಕ ಎಲ್ಲವೂ ಸರೋವರದ ತಳದಲ್ಲಿ ಕುಳಿತಿತು.

ಮೊದಲ ಫಲಿತಾಂಶ

ಪರಿಣಾಮ ಕಾಣಲು ದಶಕಗಳೇನೂ ಬೇಕಾಗಲಿಲ್ಲ. ಶರತ್ಕಾಲದ ಹೂಬಿಡುವಿಕೆ ನಿಂತುಹೋಯಿತು. 1960ರ ದಶಕದ ಕೊನೆಯ ಹೊತ್ತಿಗೆ 18 ಸಾವಿರ ಟನ್ ಇದ್ದ ಸಾರ್ಡೀನ್ ಹಿಡಿತ ವರ್ಷಕ್ಕೆ ಒಂದು ಸಾವಿರ ಟನ್‌ಗಿಂತಲೂ ಕೆಳಗೆ ಬಿತ್ತು. ಸೀಗಡಿಯೂ ಕಡಿಮೆಯಾಯಿತು. 1975ರಲ್ಲಿ ಮೆಡಿಟರೇನಿಯನ್ ಮೀನಿನ ಒಟ್ಟು ಹಿಡಿತ ಸುಮಾರು 7 ಸಾವಿರ ಟನ್ ಮಾತ್ರ. ‘ಪೋಲಾಗುತ್ತಿದ್ದ’ ನೀರು ಏನು ಮಾಡುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕೆ?

ಹಾಗೆಂದು ಅಣೆಕಟ್ಟನ್ನು ಬೈದು ಕಥೆ ಮುಗಿಸುವುದು ನ್ಯಾಯವಲ್ಲ. ನೈಲ್ ಪ್ರವಾಹ ಮೊದಲಿನಿಂದಲೂ ಚಂಚಲ. ಎಲ್ ನಿನೊ ವರ್ಷಗಳಲ್ಲಿ ನಮ್ಮ ಮುಂಗಾರಿನಂತೆ ಇಥಿಯೋಪಿಯದ ಮಳೆಯೂ ಕುಗ್ಗುವುದುಂಟು. ಮೈಸೂರು ಸೀಮೆಯ ಹಿರಿಯರು ಧಾತು-ಈಶ್ವರ ಬರವೆಂದು ನೆನೆಯುತ್ತಿದ್ದ ಭೀಕರ ಕ್ಷಾಮ 1876-78ರದು. ಆ ಅವಧಿಯ 1877ರಲ್ಲಿ ನೈಲ್ ಪ್ರವಾಹವೂ ತೀರ ಕೆಳಮಟ್ಟಕ್ಕೆ ಇಳಿದಿತ್ತು. ನೂರು ವರ್ಷಗಳ ಮೇಲೆ, 1980ರ ದಶಕದಲ್ಲಿ ಇಥಿಯೋಪಿಯ ಮತ್ತೆ ಬರಗಾಲಕ್ಕೆ ತುತ್ತಾದಾಗ, ಈಜಿಪ್ಟಿನ ಹೊಲಗಳಿಗೆ ನೀರು ನಿಲ್ಲಲಿಲ್ಲ. ನಾಸೆರ್ ಸರೋವರದಲ್ಲಿ ಕೂಡಿಟ್ಟ ನೀರು 1988ರ ಒಳ್ಳೆಯ ಮಳೆ ಬರುವವರೆಗೂ ದೇಶವನ್ನು ದಾಟಿಸಿತು. ಅದೇ ಅಣೆಕಟ್ಟಿಗೆ 2,100 ಮೆಗಾವಾಟ್ ವಿದ್ಯುತ್ತಿನ ಸಾಮರ್ಥ್ಯವೂ ಇದೆ. ರೈತನ ಲಾಭ ನಿಜ, ಮೀನುಗಾರನ ನಷ್ಟವೂ ನಿಜ. ಯೋಜನೆಯ ಲೆಕ್ಕಪುಸ್ತಕದಲ್ಲಿ ಮೊದಲನೆಯದಕ್ಕೆ ಅಂಕಣವಿತ್ತು, ಎರಡನೆಯದಕ್ಕೆ ಇರಲಿಲ್ಲ.

ಎರಡನೆಯ ಫಲಿತಾಂಶ

ಇಲ್ಲಿಗೆ ಕಥೆ ಮುಗಿದಿದ್ದರೆ ಪಾಠ ಸರಳವಾಗಿರುತ್ತಿತ್ತು. ಆದರೆ 1980ರ ದಶಕದಲ್ಲಿ ಯಾರೂ ನಿರೀಕ್ಷಿಸದ ಬದಲಾವಣೆ ಶುರುವಾಯಿತು. ಮೀನಿನ ಹಿಡಿತ ಮತ್ತೆ ಏರತೊಡಗಿತು. 1990ರ ದಶಕದ ಕೊನೆಯ ಹೊತ್ತಿಗೆ ಅದು ಅಣೆಕಟ್ಟಿನ ಹಿಂದಿನ ಮಟ್ಟವನ್ನೂ ಮೀರಿತು. ನದಿ ಬಂದಿರಲಿಲ್ಲ, ಮೀನು ಬಂದಿತ್ತು! ಇದು ಹೇಗೆ?

ದೋಣಿಗಳು ಹೆಚ್ಚಿದ್ದವು, ಬಲೆಗಳು ಸುಧಾರಿಸಿದ್ದವು ಎಂಬುದು ಒಂದು ಕಾರಣ. ಅಮೆರಿಕದ ಸಮುದ್ರವಿಜ್ಞಾನಿ ಸ್ಕಾಟ್ ನಿಕ್ಸನ್ 2003ರಲ್ಲಿ ಇನ್ನೊಂದು ಕಾರಣ ಮುಂದಿಟ್ಟರು. ಮೆಕ್ಕಲು ಮಣ್ಣು ನಿಂತ ಮೇಲೆ ಈಜಿಪ್ಟಿನ ರೈತರು ರಾಸಾಯನಿಕ ಗೊಬ್ಬರವನ್ನು ಹೆಚ್ಚು ಹೆಚ್ಚು ಬಳಸತೊಡಗಿದ್ದರು. ಜನಸಂಖ್ಯೆ ಬೆಳೆದಿತ್ತು. ಕೈರೋ, ಅಲೆಕ್ಸಾಂಡ್ರಿಯಗಳ ಒಳಚರಂಡಿ ಜಾಲ ವಿಸ್ತರಿಸಿತ್ತು. ಹೊಲಗಳಿಂದ ಬಸಿದ ಗೊಬ್ಬರ ಮತ್ತು ನಗರಗಳ ಕೊಳಚೆ ಎರಡೂ ಕಾಲುವೆಗಳ, ಕರಾವಳಿ ಸರೋವರಗಳ ಮೂಲಕ ಕಡಲು ಸೇರುತ್ತಿದ್ದವು. ನೈಲ್ ತರುತ್ತಿದ್ದ ಸಾರಜನಕ, ರಂಜಕಗಳ ಸ್ಥಾನವನ್ನು ಚರಂಡಿ ತುಂಬಿತ್ತು.

ಇದನ್ನು ಪರೀಕ್ಷಿಸುವ ದಾರಿಯನ್ನು ಒದಗಿಸಿದ್ದು ಪರಮಾಣುವಿಜ್ಞಾನ. ಸಾರಜನಕಕ್ಕೆ ಎರಡು ಸ್ಥಿರ ಸಮಸ್ಥಾನಿಗಳಿವೆ: 14 ಮತ್ತು 15. ಕೊಳಚೆಯಲ್ಲಿ ಹಗುರವಾದ ಸಾರಜನಕ-14 ಹೆಚ್ಚು ಸುಲಭವಾಗಿ ಅನಿಲವಾಗಿ ಹಾರಿಹೋಗುವುದರಿಂದ, ಉಳಿದದ್ದರಲ್ಲಿ ಸಾರಜನಕ-15ರ ಪಾಲು ತುಸು ಹೆಚ್ಚಿರುತ್ತದೆ. ಈ ಗುರುತು ಸಸ್ಯಪ್ಲವಕದಿಂದ ಮೀನಿನ ಮಾಂಸದವರೆಗೂ ಅಳಿಸದೆ ಸಾಗುತ್ತದೆ. ಆಟಮ್ ಓಚ್ಕೋವ್‌ಸ್ಕಿ ಮತ್ತು ನಿಕ್ಸನ್ ಅವರ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈಜಿಪ್ಟ್ ಕರಾವಳಿಯ ಮೀನು ಉತ್ಪಾದನೆಯ ಶೇಕಡ 60ರಿಂದ 100ರಷ್ಟು ಗೊಬ್ಬರ ಮತ್ತು ಕೊಳಚೆಯ ಆಸರೆಯಲ್ಲೇ ನಡೆದಿರಬಹುದು.

‘ಸರಿ, ಮೀನು ಬಂತಲ್ಲ, ಇನ್ನೇನು ಚಿಂತೆ?’ ಎಂದು ನೀವು ಕೇಳಬಹುದು. ಇಲ್ಲೇ ನಾವು ಎಚ್ಚರ ವಹಿಸಬೇಕು. ಎರಡು ರಾಶಿಗಳ ಮೊತ್ತ ಸಮವಾದ ಮಾತ್ರಕ್ಕೆ ಅವು ಒಂದೇ ಆಗುವುದಿಲ್ಲ. ನೈಲ್ ತನ್ನ ಗೊಬ್ಬರವನ್ನು ವರ್ಷಕ್ಕೊಮ್ಮೆ, ಎರಡು ಮೂರು ತಿಂಗಳಲ್ಲಿ, ಸಿಲಿಕಾ ಸಮೇತ ಕೊಡುತ್ತಿತ್ತು. ಚರಂಡಿ ವರ್ಷವಿಡೀ ಕೊಡುತ್ತದೆ. ಅದರಲ್ಲಿ ಸಾರಜನಕ, ರಂಜಕ ಹೇರಳ. ಅವುಗಳಿಗೆ ಹೋಲಿಸಿದರೆ ಸಿಲಿಕಾ ಕಡಿಮೆ. ಶರತ್ಕಾಲದಲ್ಲಿದ್ದ ಸಸ್ಯಪ್ಲವಕಗಳ ಏರುಗಾಲ ಈಗ ಚಳಿಗಾಲಕ್ಕೆ ಸರಿದಿದೆ. ಚರಂಡಿಗಳು ಸೇರುವ ಕೊಲ್ಲಿ, ಬಂದರು, ಕರಾವಳಿ ಸರೋವರಗಳಲ್ಲಿ ಗೊಬ್ಬರ ಅತಿಯಾಗಿ, ಪಾಚಿ ಕೊಳೆತು, ಆಮ್ಲಜನಕ ಕುಸಿಯುವುದೂ ಇದೆ.

ಪ್ರಮಾಣ ತಪ್ಪಿದರೆ

ಸಿಲಿಕಾ ಕಡಿಮೆಯಾದರೆ ಗಾಜಿನ ಪೆಟ್ಟಿಗೆಯ ಡಯಾಟಮ್‌ಗಳು ಹಿಂದೆ ಬೀಳುತ್ತವೆ. ಸಿಲಿಕಾ ಬೇಡದ ಇತರ ಗುಂಪುಗಳು ಮುಂದೆ ಬರುತ್ತವೆ. ಅವುಗಳಲ್ಲಿ ಕೆಲವು ವಿಷಕಾರಿ. ಅಂಥ ಒಂದು ಕುಲದ ಹೆಸರು ಅಲೆಕ್ಸಾಂಡ್ರಿಯಂ. ಅಲೆಕ್ಸಾಂಡ್ರಿಯದ ಬಂದರಿನ ನೀರು ಕೆಂಪಾದಾಗ ಅದನ್ನು ಗುರುತಿಸಿ, 1960ರಲ್ಲಿ ಊರಿನ ಹೆಸರನ್ನೇ ಇಟ್ಟವರು ಅದೇ ಯೂಸುಫ್ ಹಲೀಂ. ಒಬ್ಬರೇ ವಿಜ್ಞಾನಿ ಒಂದೇ ವರ್ಷದಲ್ಲಿ ಎರಡು ಬಗೆಯ ಹೂಬಿಡುವಿಕೆಯನ್ನು ದಾಖಲಿಸಿದ್ದರು: ನದಿ ಪೋಷಿಸಿದ್ದು ಒಂದು, ಬಂದರಿನಲ್ಲಿ ಕಂಡದ್ದು ಇನ್ನೊಂದು.

ಸಿಲಿಕಾದ ಪ್ರಶ್ನೆ ಲೋಕದ ಗಮನಕ್ಕೆ ಬಂದದ್ದು ಯೂರೋಪಿನ ಡ್ಯಾನ್ಯೂಬ್ ನದಿಯಿಂದ. ಆ ನದಿಯ ‘ಐರನ್ ಗೇಟ್ಸ್’ ಅಣೆಕಟ್ಟು 1972ರಲ್ಲಿ ಮುಗಿಯಿತು. ಕ್ರಿಸ್ಟಾಫ್ ಹಂಬೋರ್ಗ್, ಭಾರತೀಯ ಮೂಲದ ವೇಣುಗೋಪಾಲನ್ ಇಟ್ಟೆಕ್ಕೋಟ್ ಮತ್ತು ಸಂಗಡಿಗರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನದ ಪ್ರಕಾರ, ಕಪ್ಪು ಸಮುದ್ರಕ್ಕೆ ಬರುವ ಕರಗಿದ ಸಿಲಿಕಾ ಸುಮಾರು ಮೂರನೇ ಎರಡರಷ್ಟು ಕುಸಿದಿತ್ತು, ಡಯಾಟಮ್‌ಗಳ ಪಾಲು ತಗ್ಗಿತ್ತು. ದೋಷವನ್ನು ಅವರು ಈ ಅಣೆಕಟ್ಟಿನ ಮೇಲೆ ಹೊರಿಸಿದರು. ಆದರೆ 2004ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಜಲಾಶಯದ ಒಳಬರುವ, ಹೊರಹೋಗುವ ಸಿಲಿಕಾವನ್ನೇ ಅಳೆದಾಗ ಅಲ್ಲಿ ನಿಲ್ಲುವ ಪಾಲು ಬಹಳ ಸಣ್ಣದೆಂದು ತಿಳಿಯಿತು. ಅನುಮಾನ ಮೇಲ್ದಂಡೆಯ ಇತರ ಜಲಾಶಯಗಳತ್ತ ಮತ್ತು ಗೊಬ್ಬರದ ಹೆಚ್ಚಳದತ್ತ ತಿರುಗಿತು. ವಿಜ್ಞಾನ ನಡೆಯುವುದು ಹೀಗೆ. ತತ್ವ ಉಳಿಯಿತು, ಆರೋಪಿ ಬದಲಾದ. ಅಣೆಕಟ್ಟಿನ ವಿರುದ್ಧವಾಗಲಿ ಪರವಾಗಲಿ ಮಾತಾಡುವ ಮೊದಲು ಅಳೆದು ನೋಡಬೇಕೆಂಬುದು ಇದರ ಪಾಠ.

ಹವಾಮಾನದ ಕೈ

ಈ ಲೆಕ್ಕಕ್ಕೆ ಈಗ ಹವಾಮಾನ ಬದಲಾವಣೆಯೂ ಸೇರಿದೆ. ಪೂರ್ವ ಮೆಡಿಟರೇನಿಯನ್‌ನ ಮೇಲ್ಮೈ ಜಗತ್ತಿನ ಸಾಗರಗಳ ಸರಾಸರಿಗಿಂತ ಬೇಗ ಬಿಸಿಯಾಗುತ್ತಿದೆ. ಬಿಸಿನೀರು ಹಗುರ. ಅದು ಮೇಲೆ ಮುಚ್ಚಳದಂತೆ ಕುಳಿತರೆ, ಚಳಿಗಾಲದ ಗಾಳಿ ಕೂಡ ಆಳದ ಗೊಬ್ಬರವನ್ನು ಮೇಲಕ್ಕೆ ಕಲಕಿ ತರುವುದು ಕಷ್ಟ. ಹಿಂದೆ ಈ ಕೊರತೆಯನ್ನು ತುಂಬಲು ನದಿಯೊಂದಿತ್ತು. ಮೆಕ್ಕಲು ಮಣ್ಣಿಲ್ಲದೆ ಸವೆಯುತ್ತಿರುವ ಮುಖಜಭೂಮಿಯ ಮೇಲೆ ಕಡಲಿನ ಮಟ್ಟವೂ ಏರುತ್ತಿದೆ. ಅತ್ತ ಇಥಿಯೋಪಿಯ ನೀಲಿ ನೈಲ್‌ಗೆ ಕಟ್ಟಿದ ಮಹಾ ಅಣೆಕಟ್ಟು 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಅದರ ಮಾತುಕತೆಗಳಲ್ಲಿ ರೈತನಿಗೆಷ್ಟು, ವಿದ್ಯುತ್ತಿಗೆಷ್ಟು ಎಂಬ ಚರ್ಚೆಯೇ ಪ್ರಧಾನ. ಅಳಿವೆಯ ಪಾಲು ಕೇಳುವವರು ಅಪರೂಪ.

ನಮ್ಮ ಎರಡು ಅಳಿವೆಗಳು

ನೈಲ್ ಪ್ರವಾಹ ನಿಂತ ಅದೇ 1964ರಲ್ಲಿ ನಮ್ಮ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಆದರೆ ಹೊನ್ನಾವರದ ಅಳಿವೆಯಲ್ಲಿ ಆದದ್ದು ನೈಲ್‌ಗೆ ತದ್ವಿರುದ್ಧ. ಇಲ್ಲಿ ನೀರು ನಿಲ್ಲಲಿಲ್ಲ. ವಿದ್ಯುತ್ ಉತ್ಪಾದಿಸಿದ ನೀರು ಬೇಸಗೆಯಲ್ಲೂ ಬಿಡದೆ ಹರಿದುಬರತೊಡಗಿತು. ಮಳೆಗಾಲದಲ್ಲಿ ಸಿಹಿ, ಬೇಸಗೆಯಲ್ಲಿ ಉಪ್ಪು ಎಂಬ ಋತುಚಕ್ರ ಮಸುಕಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಉತ್ತರ ಕನ್ನಡದ ಅಳಿವೆಗಳನ್ನು ಅಧ್ಯಯನ ಮಾಡಿದಾಗ, ಉಪ್ಪಿನಂಶ ಇಳಿದ ಶರಾವತಿಯಲ್ಲಿ ತಿನ್ನುವ ಚಿಪ್ಪುಜೀವಿಗಳು ಕ್ಷೀಣಿಸಿರುವುದು ಕಂಡುಬಂತು. ಸ್ವಲ್ಪವೇ ಉತ್ತರಕ್ಕಿರುವ, ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಅವು ಸಮೃದ್ಧವಾಗಿದ್ದವು. ಈ ಚಿಪ್ಪುಜೀವಿಗಳ ಮುಖ್ಯ ಆಹಾರ ನೀರಿನಿಂದ ಸೋಸಿಕೊಳ್ಳುವ ಸಸ್ಯಪ್ಲವಕವೇ. ಕೆಸರಿನಲ್ಲಿ ಬಾಗಿ ಅವನ್ನು ಆರಿಸಿ ಮಾರಿ ಬದುಕುವ ಕುಟುಂಬಗಳು ಅಘನಾಶಿನಿಯ ದಡದಲ್ಲಿ ಇಂದಿಗೂ ಇವೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು.

ಒಂದು ಕಡೆ ನೀರು ನಿಂತು ಕೆಟ್ಟಿತು, ಇನ್ನೊಂದು ಕಡೆ ನೀರು ನಿಲ್ಲದೆ ಕೆಟ್ಟಿತು. ಹಾಗಾದರೆ ಅಳಿವೆಗೆ ಬೇಕಾದದ್ದು ಬರೀ ನೀರಲ್ಲ. ತಕ್ಕ ಕಾಲದಲ್ಲಿ, ತಕ್ಕ ಪ್ರಮಾಣದ ವಸ್ತುಗಳೊಂದಿಗೆ ಬರುವ ನೀರು. ಟಿಎಂಸಿ ಎಂಬುದು ಘನ ಅಡಿಗಳ ಅಳತೆ. ಅದು ಎಷ್ಟು ಎಂದಷ್ಟೇ ಹೇಳುತ್ತದೆ. ಯಾವಾಗ, ಏನನ್ನು ಹೊತ್ತು ಎಂಬುದನ್ನು ಅದು ಹೇಳಲಾರದು.

ಅಣೆಕಟ್ಟುಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಈ ಲೇಖನವನ್ನು ನೀವು ಓದುತ್ತಿರುವ ದೀಪದ ಬೆಳಕಿನಲ್ಲಿ ಶರಾವತಿಯ ಪಾಲೂ ಇರಬಹುದು. ಆದರೆ ವಿಲ್‌ಕಾಕ್ಸ್ ಅವರ ಹಳೆಯ ಅಣೆಕಟ್ಟು ಪ್ರವಾಹದ ಮೊದಲ ಕೆಮ್ಮಣ್ಣಿನ ನೀರಿಗೆ ತೂಬು ತೆರೆಯುತ್ತಿತ್ತು ಎಂಬುದನ್ನು ನೆನಪಿಡೋಣ. ಕಡಲಿಗೂ ಒಂದು ಪಾಲು ಬಿಟ್ಟು ಅಣೆಕಟ್ಟು ನಡೆಸುವುದು ಅಸಾಧ್ಯವೇನಲ್ಲ. ಮುಂದಿನ ಮಳೆಗಾಲದಲ್ಲಿ ಯಾರಾದರೂ ‘ನೀರು ಸಮುದ್ರ ಸೇರಿ ಪೋಲಾಯಿತು’ ಎಂದರೆ, ಸಮುದ್ರದಲ್ಲಿ ಆ ನೀರಿಗಾಗಿ ಯಾರು ಕಾದಿದ್ದರು ಎಂದು ಒಮ್ಮೆ ಕೇಳಿನೋಡಿ.